ನಿರ್ಮಾಣ ಕಾಯಕಕ್ಕೊಂದು ಪ್ರಮಾಣಪತ್ರ: ಅಲ್ಪಾವಧಿ ಸಿವಿಲ್ ತಾಂತ್ರಿಕ ಕಲಿಕೆಯ ಪರಿಚಯ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ವಾರಗಳಲ್ಲಿ ಮಠಗಳಿಗೆ ಬರುವ ಭಕ್ತರ ಮಾತಿನಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಮೊದಲನೆಯದು ತಂದೆತಾಯಿಯರದು: ಮಗನಿಗೋ ಮಗಳಿಗೋ ಕಟ್ಟಡದ ಕೆಲಸದಲ್ಲಿ ಆಸಕ್ತಿ ಇದೆ, ನಾಲ್ಕು ವರ್ಷದ ಎಂಜಿನಿಯರಿಂಗ್ ಓದಿಸುವ ಶಕ್ತಿ ನಮಗಿಲ್ಲ, ಬೇರೆ ದಾರಿ ಯಾವುದು? ಎರಡನೆಯದು ಇಪ್ಪತ್ತು ವರ್ಷ ಕರಣೆ ಹಿಡಿದು ಮನೆಗಳನ್ನು ಕಟ್ಟಿದ ಗೌಂಡಿಯದು: ನನಗೆ ಕೆಲಸ ಬರುತ್ತದೆ, ಕಾಗದವಿಲ್ಲ, ದೊಡ್ಡ ಕಂಪನಿಯ ಸೈಟಿನಲ್ಲಿ ಕಾಗದ ಕೇಳುತ್ತಾರೆ, ಏನು ಮಾಡಲಿ? ಈ ಎರಡೂ ಪ್ರಶ್ನೆಗಳಿಗೆ ಸಿಗುವ ಉತ್ತರದ ಒಂದು ಭಾಗ ಸಿವಿಲ್ ತಾಂತ್ರಿಕ ವಿಷಯದ ಅಲ್ಪಾವಧಿ ಪ್ರಮಾಣಪತ್ರದಲ್ಲಿದೆ. ಅದು ಏನು, ಅದರಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಸಮಾಜದ ಬಂಧುಗಳ ಅನುಕೂಲಕ್ಕಾಗಿ ಇಲ್ಲಿ ವಿವರಿಸಬಯಸುತ್ತೇವೆ.

ನಿರ್ಮಾಣದ ದುಡಿಮೆಯು ಶರಣ ಪರಂಪರೆಗೆ ಹೊರಗಿನದಲ್ಲ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೇ ತಮ್ಮ ಕಾಯಕವಾಗಿ ಕೈಗೊಂಡಿದ್ದರು. ಇಂದಿನ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ದೇವಾಲಯವನ್ನು ಸುತ್ತುವರಿದ ಕೆರೆಯು ಆ ನೆನಪನ್ನು ಇಂದಿಗೂ ಉಳಿಸಿದೆ. ಕೆರೆಯ ಕೆಲಸ ನಡೆಯುತ್ತಿದ್ದ ಸ್ಥಳಕ್ಕೇ ಅಲ್ಲಮಪ್ರಭುಗಳು ಬಂದು ಸಿದ್ಧರಾಮರನ್ನು ಕಂಡರೆಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಏರಿ, ತೂಬು, ಕೋಡಿ ಎಂಬ ಮೂರು ಕನ್ನಡ ಪದಗಳ ಹಿಂದೆ ಎಷ್ಟು ಲೆಕ್ಕ, ಎಷ್ಟು ಮಟ್ಟ, ಎಷ್ಟು ಮಣ್ಣಿನ ತಿಳಿವಳಿಕೆ ಇದೆಯೆಂಬುದನ್ನು ಕೆರೆ ಕಟ್ಟಿದವರೇ ಬಲ್ಲರು. ಏರಿ ಒಂದು ಮೊಳ ತಗ್ಗಾದರೆ ಊರೇ ನೀರುಪಾಲಾಗುತ್ತದೆ.

ನಮ್ಮ ಸಮಾಜ ಉನ್ನತ ತಾಂತ್ರಿಕ ಶಿಕ್ಷಣಕ್ಕೆ ಕೊಟ್ಟ ಕೊಡುಗೆ ಸಣ್ಣದಲ್ಲ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ 1963ರಲ್ಲಿ ಆರಂಭವಾಯಿತು. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಕೂಡ ಅದೇ ವರ್ಷದ್ದು. ಆದರೆ ಎಂಜಿನಿಯರು ಬರೆದ ನಕ್ಷೆಯನ್ನು ನೆಲದ ಮೇಲೆ ನಿಲ್ಲಿಸುವ ಕೈಗಳ ಕಲಿಕೆಗೆ ನಾವು ಅಷ್ಟೇ ಗಮನ ಕೊಟ್ಟಿದ್ದೇವೆಯೇ ಎಂದು ಕೇಳಿಕೊಂಡರೆ, ಇಲ್ಲವೆಂದೇ ಹೇಳಬೇಕಾಗುತ್ತದೆ.

ಚಿಕ್ಕದು, ನಡುವಿನದು, ದೊಡ್ಡದು

ಪ್ರಮಾಣಪತ್ರ ಎಂಬ ಒಂದೇ ಹೆಸರಿನಡಿ ಬಹಳ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಅವನ್ನು ಮೊದಲು ಬಿಡಿಸಿಕೊಳ್ಳಬೇಕು.

ಈಗಾಗಲೇ ಕೆಲಸ ಬಲ್ಲವರಿಗೆ ಇರುವುದು ಪೂರ್ವ ಕಲಿಕೆಯ ಮಾನ್ಯತೆ. ಆರ್‌ಪಿಎಲ್ ಎಂಬ ಅಕ್ಷರಗಳಿಂದಲೇ ಇದು ಹೆಚ್ಚು ಪರಿಚಿತ. ಶಾಲೆಯ ಓದು ಎಷ್ಟೆಂಬುದಕ್ಕಿಂತ ಕೈಯಲ್ಲಿರುವ ಕೆಲಸ ಎಂಥದೆಂಬುದನ್ನು ಇಲ್ಲಿ ಪರೀಕ್ಷಿಸುತ್ತಾರೆ. ಕೆಲವೇ ದಿನಗಳ ಪೂರ್ವಸಿದ್ಧತೆ, ಸುರಕ್ಷತೆಯ ಪಾಠ, ಆಮೇಲೆ ಮೌಲ್ಯಮಾಪನ. ಗೋಡೆ ಕಟ್ಟಿ ತೋರಿಸಬೇಕು, ತೂಗುಗುಂಡು ಬಿಟ್ಟು ನೋಡಿದಾಗ ಅದು ನೆಟ್ಟಗಿರಬೇಕು. 2015ರ ಜುಲೈ 15ರಂದು ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯು ಈ ಮಾನ್ಯತೆಯನ್ನು ದೇಶದಾದ್ಯಂತ ಹಬ್ಬಿಸಿತು. ನಿರ್ಮಾಣ ಕ್ಷೇತ್ರದ ಮಟ್ಟಿಗೆ ಕೆಲಸಗಳ ಮಾನದಂಡಗಳನ್ನು ರೂಪಿಸುವುದು ಭಾರತೀಯ ನಿರ್ಮಾಣ ಕೌಶಲ ಅಭಿವೃದ್ಧಿ ಮಂಡಳಿ. ಗಾರೆ ಕೆಲಸ, ಟೈಲ್ಸ್ ಹಾಕುವುದು, ಕಂಬಿ ಬಗ್ಗಿಸಿ ಕಟ್ಟುವುದು, ಸೆಂಟ್ರಿಂಗ್ ಬಡಗಿ ಕೆಲಸ, ಬಣ್ಣ, ಸಾರ್ವೆ ಕಟ್ಟುವುದು, ಸರ್ವೆ ಸಹಾಯಕ, ಪ್ರಯೋಗಶಾಲೆ ತಂತ್ರಜ್ಞ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಅರ್ಹತೆಗಳಿವೆ.

ಗೌಂಡಿಗಳಿಗೆ ಇನ್ನೊಂದು ದಾರಿ 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಪಿಎಂ ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ಗಾರೆ ಕೆಲಸವೂ ಒಂದು. 18 ವರ್ಷ ತುಂಬಿ ಸ್ವಂತವಾಗಿ ಕಸುಬು ನಡೆಸುತ್ತಿರುವವರು, ಕುಟುಂಬಕ್ಕೆ ಒಬ್ಬರಂತೆ, ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಧಾರ್ ಮೂಲಕ ಹೆಸರು ನೋಂದಾಯಿಸಬಹುದು. ಸರಕಾರಿ ನೌಕರರ ಮನೆಯವರಿಗೆ ಇದು ಅನ್ವಯಿಸದು. ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯ ಪರಿಶೀಲನೆ ಮುಗಿದ ಮೇಲೆ ಐದರಿಂದ ಏಳು ದಿನಗಳ, ಅಂದರೆ 40 ಗಂಟೆಗಳ ಮೂಲ ತರಬೇತಿ ಇರುತ್ತದೆ. ದಿನಕ್ಕೆ 500 ರೂಪಾಯಿ ಭತ್ಯೆ. ಸಲಕರಣೆಗಳಿಗಾಗಿ 15,000 ರೂಪಾಯಿ ಮೌಲ್ಯದ ಪ್ರೋತ್ಸಾಹಧನ, ಗುರುತಿನ ಚೀಟಿ, ಪ್ರಮಾಣಪತ್ರ, ಶೇ. 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷದವರೆಗೆ ಸಾಲ. ಇನ್ನೂ ಕಲಿಯಬಯಸುವವರಿಗೆ 15 ದಿನಗಳ ಮುಂದುವರಿದ ತರಬೇತಿಯೂ ಉಂಟು. ಸಾಲದ ಆಸೆಗಷ್ಟೇ ಹೆಸರು ಬರೆಸಿ ತರಬೇತಿಯ ದಿನಗಳನ್ನು ಹೇಗೋ ಕಳೆಯುವವರಿದ್ದಾರೆ. ಆ 40 ಗಂಟೆಗಳಲ್ಲಿ ಕಣ್ಣು ಕಿವಿ ತೆರೆದು ಕುಳಿತರೆ ಸಾಲಕ್ಕಿಂತ ಹೆಚ್ಚಿನದು ದಕ್ಕುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಶಾಲೆ ಮುಗಿಸಿದ ಮಕ್ಕಳಿಗೆ ಸೂಕ್ತವಾದುದು ಕೈಗಾರಿಕಾ ತರಬೇತಿ ಸಂಸ್ಥೆ, ಅಂದರೆ ಐಟಿಐ. ಕುಶಲಕರ್ಮಿ ತರಬೇತಿ ಯೋಜನೆ 1950ರಿಂದ ನಡೆದುಬಂದಿದೆ. ಗಾರೆ ಕೆಲಸದ ಟ್ರೇಡ್ ಒಂದು ವರ್ಷದ್ದು. ಎಂಟನೆಯ ತರಗತಿ ಪಾಸಾದವರು ಸೇರಬಹುದು. ಸಿವಿಲ್ ಡ್ರಾಫ್ಟ್ಸ್‌ಮನ್ ಹಾಗೂ ಸರ್ವೆಯರ್ ಟ್ರೇಡುಗಳು ಎರಡು ವರ್ಷದವು. ಅವುಗಳಿಗೆ ಹತ್ತನೆಯ ತರಗತಿ ಪಾಸಾಗಿರಬೇಕು. 14 ವರ್ಷ ತುಂಬಿದವರು ಐಟಿಐಗೆ ಅರ್ಹರು. ಕೊನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಅನಂತರ 1961ರ ಅಪ್ರೆಂಟಿಸ್ ಕಾಯ್ದೆಯಡಿ ಯಾವುದಾದರೂ ಸಂಸ್ಥೆಯಲ್ಲಿ ಭತ್ಯೆಯೊಡನೆ ಕಲಿತು, ಅದಕ್ಕೂ ಒಂದು ರಾಷ್ಟ್ರೀಯ ಪ್ರಮಾಣಪತ್ರ ಪಡೆಯಬಹುದು.

ಇವೆಲ್ಲಕ್ಕೂ ಮೇಲಿನದು ಪಾಲಿಟೆಕ್ನಿಕ್ಕಿನ ಮೂರು ವರ್ಷದ ಸಿವಿಲ್ ಡಿಪ್ಲೊಮಾ. ಅದು ಈ ಲೇಖನದ ವಿಷಯವಲ್ಲ. ಆದರೆ ಒಂದು ಸಂಗತಿಯನ್ನು ಪೋಷಕರು ಗಮನದಲ್ಲಿಡಬೇಕು: ಎರಡು ವರ್ಷದ ಐಟಿಐ ಮುಗಿಸಿದವರಿಗೆ ನಮ್ಮ ರಾಜ್ಯದಲ್ಲಿ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ; ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪರೀಕ್ಷೆ ಬರೆದು ಬಿಇ ಎರಡನೆಯ ವರ್ಷಕ್ಕೆ ಸೇರಬಹುದು. ಐಟಿಐಗೆ ಹಾಕಿದರೆ ಮಗುವಿನ ಓದು ಅಲ್ಲಿಗೇ ನಿಂತಿತು ಎಂಬ ಭಯಕ್ಕೆ ಕಾರಣವಿಲ್ಲ. ಹತ್ತನೆಯ ತರಗತಿಯ ಬಳಿಕ ಹಣದ ಅಡಚಣೆಯಿಂದ ಐಟಿಐ ಸೇರಿದ ಹುಡುಗಿ, ಏಳು ವರ್ಷಗಳಲ್ಲಿ ಪದವೀಧರ ಎಂಜಿನಿಯರಾಗುವ ದಾರಿ ನಿಯಮದಲ್ಲೇ ಇದೆ. ನಡುವೆ ದುಡಿದು ಮನೆಗೆ ನೆರವಾದರೆ ಇನ್ನೆರಡು ವರ್ಷ ಹೆಚ್ಚು ಹಿಡಿಯಬಹುದು, ಅಷ್ಟೇ.

ಕಲಿಯುವುದಾದರೂ ಏನು?

ಕಾಗದದ ಬೆಲೆ ಅದರ ಹಿಂದಿನ ಕಲಿಕೆಯ ಬೆಲೆ. ಆದುದರಿಂದ ಈ ಭಾಗವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ. ಮನೆ ಕಟ್ಟಿಸುವ ಭಕ್ತರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲನೆಯದು ಅಳತೆ. ಪಾಯದ ಮೂಲೆ ಸರಿಯಾಗಿ ಕಾಟಕೋನದಲ್ಲಿದೆಯೇ ಎಂದು ನೋಡಲು ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಮಾಡಿ, ಎರಡು ಗುರುತುಗಳ ನಡುವೆ 5 ಅಡಿ ಬರುತ್ತದೆಯೇ ಎಂದು ಹಳೆಯ ಮೇಸ್ತ್ರಿಗಳು ನೋಡುತ್ತಾರೆ. ಏಕೆ ಹಾಗೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ತರಬೇತಿಯಲ್ಲಿ ಅದನ್ನು ಹೇಳಿಕೊಡುತ್ತಾರೆ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ಹಿಡಿಯುವುದು ಎಲ್ಲ ಗೌಂಡಿಗಳಿಗೂ ಗೊತ್ತು. ಆಟೋ ಲೆವೆಲ್ ಎಂಬ ಉಪಕರಣದಿಂದ ಅದನ್ನೇ ನೂರಾರು ಅಡಿ ದೂರಕ್ಕೆ ಮಾಡಬಹುದು. ಒಂದು ಉದಾಹರಣೆ: ಮಟ್ಟ ತಿಳಿದಿರುವ ಕಲ್ಲನ್ನು 100.000 ಮೀಟರ್ ಎಂದಿಟ್ಟುಕೊಳ್ಳೋಣ. ಅದರ ಮೇಲೆ ನಿಲ್ಲಿಸಿದ ಅಳತೆಪಟ್ಟಿ ಉಪಕರಣದಲ್ಲಿ 1.250 ತೋರಿಸಿದರೆ ಉಪಕರಣದ ದೃಷ್ಟಿರೇಖೆ 101.250ರಲ್ಲಿದೆ. ಮನೆಯ ಬಾಗಿಲಿನ ಜಾಗದಲ್ಲಿ ಅದೇ ಪಟ್ಟಿ 1.400 ತೋರಿಸಿದರೆ ಆ ಜಾಗ 99.850, ಅಂದರೆ ಕಲ್ಲಿಗಿಂತ 15 ಸೆಂಟಿಮೀಟರ್ ತಗ್ಗು. ಕೂಡಿಸಿ ಕಳೆಯುವುದಷ್ಟೇ. ಆ ಕಲ್ಲು ರಸ್ತೆಯ ಮಟ್ಟದ್ದಾಗಿದ್ದರೆ, ಮಳೆಗಾಲದಲ್ಲಿ ಬೀದಿಯ ನೀರು ಮನೆಯೊಳಗೆ ಬರುವುದೋ ಇಲ್ಲವೋ ಎಂಬುದು ಈ ಕೂಡಿಸಿ ಕಳೆಯುವುದರಲ್ಲೇ ತೀರ್ಮಾನವಾಗುತ್ತದೆ.

ಎರಡನೆಯದು ಪ್ರಮಾಣ. 30 ಅಡಿ ಉದ್ದ, 20 ಅಡಿ ಅಗಲ, 5 ಅಂಗುಲ ದಪ್ಪದ ಛಾವಣಿಗೆ 250 ಘನ ಅಡಿ, ಅಂದರೆ ಏಳು ಘನ ಮೀಟರಿಗೆ ತುಸು ಹೆಚ್ಚು ಕಾಂಕ್ರೀಟು ಬೇಕು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣದಲ್ಲಿ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟು ಹಿಡಿಯುವುದರಿಂದ ಒಟ್ಟು 57 ಚೀಲದ ಆಸುಪಾಸು ಬೇಕಾಗುತ್ತದೆ. ಕಂಬಿಯ ತೂಕಕ್ಕೂ ಸುಲಭ ಸೂತ್ರವಿದೆ: ಮಿಲಿಮೀಟರಿನಲ್ಲಿ ಅದರ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಮಿಲಿಮೀಟರಿನ ಕಂಬಿ ಮೀಟರಿಗೆ 0.889 ಕಿಲೋ, 12 ಮೀಟರಿನ ಒಂದು ಉದ್ದ ಕಂಬಿ ಸುಮಾರು 10.7 ಕಿಲೋ. ಈ ಲೆಕ್ಕ ಬಲ್ಲ ಮೇಸ್ತ್ರಿಯ ಮಾತಿಗೆ ಮನೆಯ ಯಜಮಾನನೂ ಬೆಲೆ ಕೊಡುತ್ತಾನೆ, ಅಂಗಡಿಯವನೂ ತೂಕದಲ್ಲಿ ಎಚ್ಚರವಾಗಿರುತ್ತಾನೆ.

ಮೂರನೆಯದು ನೀರು. ನಮ್ಮ ಕಡೆಯ ಕಟ್ಟಡಗಳಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ ಎಂದು ನಾವು ಭಾವಿಸುತ್ತೇವೆ. ಬಾಂಡ್ಲಿಯಿಂದ ಸುಲಭವಾಗಿ ಜಾರಲೆಂದು ಕಲಸುವವರು ನೀರು ಹೆಚ್ಚಿಸುತ್ತಾರೆ; ಹೆಚ್ಚಾದ ನೀರು ಆರಿಹೋದಾಗ ಕಾಂಕ್ರೀಟಿನೊಳಗೆ ಸಣ್ಣ ಸಣ್ಣ ರಂಧ್ರಗಳು ಉಳಿದು ಅದರ ಬಲ ಕುಗ್ಗುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರ (2000) ಪ್ರಕಾರ ಸಾಧಾರಣ ಪರಿಸರದ ಕಂಬಿ ಕಾಂಕ್ರೀಟಿನಲ್ಲಿ ನೀರಿನ ತೂಕ ಸಿಮೆಂಟಿನ ತೂಕದ 0.55 ಪಾಲನ್ನು ಮೀರಬಾರದು. 50 ಕಿಲೋದ ಒಂದು ಚೀಲಕ್ಕೆ ಅದು 27.5 ಲೀಟರ್, ಒದ್ದೆ ಮರಳಿನಲ್ಲಿರುವ ನೀರೂ ಇದರಲ್ಲೇ ಸೇರಬೇಕು. ಕಲಸಿದ ಕಾಂಕ್ರೀಟು ಹದವಾಗಿದೆಯೇ ಎಂದು ನೋಡಲು ಸ್ಲಂಪ್ ಪರೀಕ್ಷೆ ಮಾಡುತ್ತಾರೆ: 300 ಮಿಲಿಮೀಟರ್ ಎತ್ತರದ, ಕೆಳಗೆ 200, ಮೇಲೆ 100 ಮಿಲಿಮೀಟರ್ ಅಗಲದ ತಗಡಿನ ಅಚ್ಚಿಗೆ ಕಾಂಕ್ರೀಟು ತುಂಬಿ, ಅಚ್ಚನ್ನು ಮೇಲೆತ್ತಿದಾಗ ಅದು ಎಷ್ಟು ಕುಸಿಯಿತೆಂದು ಅಳೆಯುವುದು. ಐದು ನಿಮಿಷದ ಕೆಲಸ. ಹಳ್ಳಿಯ ಮನೆಯೊಂದಕ್ಕೆ ಇದನ್ನು ಮಾಡಿದ್ದನ್ನು ಕಂಡವರು ಬಹಳ ವಿರಳ.

ಬಲದ ಪರೀಕ್ಷೆಗೆ 150 ಮಿಲಿಮೀಟರಿನ ಘನಾಕೃತಿಯ ಅಚ್ಚುಗಳಲ್ಲಿ ಕಾಂಕ್ರೀಟು ತುಂಬಿ, ನೀರಿನಲ್ಲಿಟ್ಟು, 28ನೆಯ ದಿನ ಯಂತ್ರದಲ್ಲಿ ಒತ್ತುತ್ತಾರೆ. ಒಂದು ಮಾದರಿಗೆ ಮೂರು ಅಚ್ಚು. ಎಂ20 ಎಂಬ ದರ್ಜೆಯಲ್ಲಿನ 20 ಎಂದರೆ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್. ಆ ಘನದ ಇಡೀ ಮುಖಕ್ಕೆ ಲೆಕ್ಕ ಹಾಕಿದರೆ 450 ಕಿಲೋನ್ಯೂಟನ್, ಸುಮಾರು 46 ಟನ್ ಭಾರ. ಅಂಗೈಯಗಲಕ್ಕಿಂತ ತುಸು ದೊಡ್ಡದಾದ ತುಂಡೊಂದು ಅಷ್ಟು ಭಾರ ಹೊರುವುದನ್ನು ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿ ಮತ್ತೆಂದೂ ಬೇಕಾಬಿಟ್ಟಿ ನೀರು ಸುರಿಯಲಾರ.

ಕ್ಯೂರಿಂಗ್ ಬಗ್ಗೆಯೂ ಇದೇ ಮಾತು. ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ಕಾಂಕ್ರೀಟು ಹಸಿಯಾಗಿರಬೇಕು. ಬಿಸಿಲು ಹೆಚ್ಚಿರುವ ಒಣ ಪ್ರದೇಶದಲ್ಲಿ ಯಾವ ಸಿಮೆಂಟಾದರೂ 10 ದಿನಕ್ಕೆ ಕಡಿಮೆ ಇರಬಾರದೆಂದು ಅದೇ ಮಾನಕ ಹೇಳುತ್ತದೆ. ಕಲಬುರಗಿ, ರಾಯಚೂರು, ವಿಜಯಪುರದ ಬೇಸಿಗೆಗೆ ಇದಕ್ಕಿಂತ ತಕ್ಕ ಎಚ್ಚರಿಕೆ ಬೇರೆ ಬೇಕಿಲ್ಲ. ಇಂದಿನ ಮಾರುಕಟ್ಟೆಯಲ್ಲಿ ಮನೆ ಕೆಲಸಕ್ಕೆ ಬರುವ ಸಿಮೆಂಟಿನಲ್ಲಿ ಬೆರೆಕೆ ಸಿಮೆಂಟೇ ಹೆಚ್ಚು; ಚೀಲದ ಮೇಲೆ ಬರೆದಿರುತ್ತದೆ, ಓದಬೇಕು.

ಆಸರೆಯ ಕಂಬಗಳನ್ನು ಬೇಗ ತೆಗೆಯುವುದು ಪ್ರಾಣಕ್ಕೆ ಕುತ್ತು ತರುವ ತಪ್ಪು. ಸೆಂಟ್ರಿಂಗ್ ಸಾಮಾನಿಗೆ ದಿನಬಾಡಿಗೆ ಇರುವುದರಿಂದ ಅವಸರ ಹುಟ್ಟುತ್ತದೆ. 4.5 ಮೀಟರಿನವರೆಗಿನ ಛಾವಣಿಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ. 6 ಮೀಟರಿನವರೆಗಿನ ತೊಲೆಗೆ 14 ದಿನ, ಅದಕ್ಕೂ ಮೀರಿದರೆ 21 ದಿನ ಆಸರೆ ನಿಲ್ಲಬೇಕು. ಇವು ಸಾದಾ ಸಿಮೆಂಟಿಗೆ ಹೇಳಿದ ಕನಿಷ್ಠ ಅವಧಿಗಳು. ಬೆರೆಕೆ ಸಿಮೆಂಟಿಗೆ ಇನ್ನೂ ಹೆಚ್ಚು ಬೇಕಾಗಬಹುದು. ತರಬೇತಿಯಲ್ಲಿ ಈ ಅಂಕಿಗಳನ್ನು ಬಾಯಿಪಾಠ ಮಾಡಿಸುತ್ತಾರೆ, ಮಾಡಿಸಲೇಬೇಕು.

ಉತ್ತರ ಕರ್ನಾಟಕದ ಎರೆಮಣ್ಣಿನ ಮಾತೂ ಇಲ್ಲಿ ಬರಬೇಕು. ಗದಗ, ವಿಜಯಪುರ, ಬಾಗಲಕೋಟೆ, ಧಾರವಾಡ ಸೀಮೆಯ ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಸಾಮಾನ್ಯ ಪಾಯ ಹಾಕಿದ ಮನೆಯ ಗೋಡೆಗಳು ಎರಡು ಮೂರು ಮಳೆಗಾಲಗಳಲ್ಲಿ ಸೀಳುತ್ತವೆ. ಮನೆಯವರು ಗೌಂಡಿಯನ್ನು ಬೈಯುತ್ತಾರೆ, ಗೌಂಡಿ ಸಿಮೆಂಟನ್ನು ಬೈಯುತ್ತಾನೆ. ಕಾರಣ ಇರುವುದು ಕಾಲಡಿಯ ಮಣ್ಣಿನಲ್ಲಿ. ಮಣ್ಣಿನ ತೇವ ಋತುವಿಗೆ ತಕ್ಕಂತೆ ಬದಲಾಗದ ಆಳದವರೆಗೆ, ಸಾಮಾನ್ಯವಾಗಿ 3.5 ಮೀಟರಿನ ಆಸುಪಾಸಿನವರೆಗೆ, ತುದಿಯಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟಿನ ಕಂಬಗಳನ್ನು ಇಳಿಸುವ ವಿಧಾನವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿಕೊಟ್ಟಿದೆ. ಪಾಯದ ವಿನ್ಯಾಸ ಮಾಡುವುದು ಎಂಜಿನಿಯರ ಕೆಲಸ. ಆದರೆ ಗುಂಡಿ ತೋಡುವಾಗ ಇದು ಎರೆಮಣ್ಣು, ಇಲ್ಲಿ ನಿಲ್ಲಿಸಿ ಎಂಜಿನಿಯರನ್ನು ಕರೆಯಿರಿ ಎಂದು ಹೇಳುವಷ್ಟು ತಿಳಿವಳಿಕೆ ಅಲ್ಲಿ ನಿಂತ ಮೇಸ್ತ್ರಿಗೆ ಇರಲೇಬೇಕು.

2019ರ ಮಾರ್ಚ್ ತಿಂಗಳಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು ಹಲವರು ಪ್ರಾಣ ಕಳೆದುಕೊಂಡುದನ್ನು ನಾಡು ಮರೆತಿಲ್ಲ. ಅಂಥ ದುರಂತಗಳಿಗೆ ಯಾರು ಹೊಣೆಯೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ನಾವು ಹೇಳಬಯಸುವುದು ಇಷ್ಟು: ಕಟ್ಟಡವೊಂದರ ಕ್ಷೇಮವು ಕಚೇರಿಯಲ್ಲಿ ಸಹಿ ಬಿದ್ದ ನಕ್ಷೆಯಲ್ಲಿ ಎಷ್ಟಿದೆಯೋ, ಆ ನಕ್ಷೆಯನ್ನು ಓದಬಲ್ಲ ಮನುಷ್ಯ ಸೈಟಿನಲ್ಲಿ ಇರುವುದರಲ್ಲೂ ಅಷ್ಟೇ ಇದೆ.

ಕಾಗದವನ್ನು ಪರೀಕ್ಷಿಸುವ ಬಗೆ

ಬೇಡಿಕೆ ಇದ್ದಲ್ಲಿ ಮೋಸವೂ ಇರುತ್ತದೆ. ಆರು ತಿಂಗಳಲ್ಲಿ ಸಿವಿಲ್ ಡಿಪ್ಲೊಮಾ, ಮನೆಯಲ್ಲೇ ಕುಳಿತು ಎಂಜಿನಿಯರಿಂಗ್ ಸರ್ಟಿಫಿಕೇಟ್ ಎಂಬ ಫಲಕಗಳನ್ನು ಬಸ್ ನಿಲ್ದಾಣಗಳ ಬಳಿ ಕಾಣುತ್ತೇವೆ. ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೆ ಎಐಸಿಟಿಇ ಅನುಮೋದನೆ ಬೇಕು, ರಾಜ್ಯದ ತಾಂತ್ರಿಕ ಶಿಕ್ಷಣ ಇಲಾಖೆಯ ಮಂಡಳಿಯ ಪರೀಕ್ಷೆಯೂ ಬೇಕು. ಆರು ತಿಂಗಳಲ್ಲಿ ಅದು ಬರುವುದು ಸಾಧ್ಯವೇ ಇಲ್ಲ. ಸಾಲ ಮಾಡಿ ಶುಲ್ಕ ಕಟ್ಟಿ, ಕೊನೆಗೆ ಎಲ್ಲಿಯೂ ನಡೆಯದ ಬಣ್ಣದ ಕಾಗದ ಹಿಡಿದು ಬಂದ ಯುವಕರ ಮುಖ ನೋಡುವುದು ಕಷ್ಟ.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಕಾಗದದ ಕೆಳಗೆ ಯಾರ ಸಹಿ ಇರುತ್ತದೆ? ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಪರಿಷತ್ತು ಮಾನ್ಯ ಮಾಡಿದ ಸಂಸ್ಥೆಯದಾದರೆ ಪ್ರಮಾಣಪತ್ರದ ಮೇಲೆ ಅರ್ಹತೆಯ ಹೆಸರು ಮತ್ತು ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಹಂತದ ಸಂಖ್ಯೆ ಇರುತ್ತದೆ. 2013ರಲ್ಲಿ ಅಧಿಸೂಚಿತವಾದ ಈ ಚೌಕಟ್ಟು ಬೇರೆ ಬೇರೆ ಕಲಿಕೆಗಳನ್ನು ಒಂದೇ ಏಣಿಯ ಮೆಟ್ಟಿಲುಗಳಾಗಿ ಜೋಡಿಸುತ್ತದೆ. ಕ್ಯೂಆರ್ ಸಂಕೇತವಿದ್ದರೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನೋಡಬಹುದು. ಐಟಿಐ ಆದರೆ ಆ ಸಂಸ್ಥೆ ಇರುವುದಷ್ಟೇ ಸಾಲದು, ನೀವು ಸೇರುವ ಟ್ರೇಡಿಗೂ ಅಲ್ಲಿ ಮಾನ್ಯತೆ ಇರಬೇಕು. ಸಂದೇಹವಿದ್ದರೆ ಜಿಲ್ಲೆಯ ಸರಕಾರಿ ಐಟಿಐಗೆ ಹೋಗಿ ಕೇಳುವುದು ಎಲ್ಲಕ್ಕಿಂತ ಸುಲಭ. ಶುಲ್ಕವೂ ಅಲ್ಲಿ ಕಡಿಮೆ.

ಇದರಿಂದ ಏನು ದೊರೆಯುತ್ತದೆ?

ಅಲ್ಪಾವಧಿ ಪ್ರಮಾಣಪತ್ರ ಪಡೆದವರು ಎಂಜಿನಿಯರಾಗುವುದಿಲ್ಲ. ಲೋಕೋಪಯೋಗಿ ಇಲಾಖೆಯ ಕಿರಿಯ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಬೇಕು. ಕೆಲವು ದಿನಗಳ ತರಬೇತಿಯ ಕಾಗದ ಅಲ್ಲಿ ನಡೆಯದು. ಭೂಮಾಪನದಂಥ ಹುದ್ದೆಗಳಿಗೆ ಅರ್ಜಿ ಹಾಕುವವರು ಆಯಾ ಅಧಿಸೂಚನೆಯಲ್ಲಿ ಅರ್ಹತೆಯ ಸಾಲನ್ನು ತಾವೇ ಓದಬೇಕು, ಮಧ್ಯವರ್ತಿಯ ಮಾತನ್ನು ನಂಬಬಾರದು. ಕೂಲಿ ಮರುದಿನವೇ ಇಮ್ಮಡಿಯಾಗುತ್ತದೆಂಬ ಭರವಸೆಯನ್ನೂ ನಾವು ಕೊಡಲಾರೆವು. ಊರಿನ ಸಣ್ಣ ಕೆಲಸಗಳಲ್ಲಿ ಯಾರೂ ಕಾಗದ ಕೇಳುವುದಿಲ್ಲ; ಪರಿಚಯವೇ ಅಲ್ಲಿ ಪ್ರಮಾಣ.

ದೊರೆಯುವುದು ಬೇರೆ. ದೊಡ್ಡ ಗುತ್ತಿಗೆದಾರರ ಸೈಟುಗಳಲ್ಲಿ ಕೈಯಾಳಿನ ಪಟ್ಟಿಯಿಂದ ಕುಶಲಿಯ ಪಟ್ಟಿಗೆ ಹೆಸರು ಬರಲು ಅದು ಆಧಾರವಾಗುತ್ತದೆ. ಡ್ರಾಫ್ಟ್ಸ್‌ಮನ್ ಕಲಿತವರಿಗೆ ವಾಸ್ತುಶಿಲ್ಪಿಗಳ, ಎಂಜಿನಿಯರುಗಳ ಕಚೇರಿಯಲ್ಲಿ ಗಣಕಯಂತ್ರದ ಮೇಲೆ ನಕ್ಷೆ ಬಿಡಿಸುವ ಕೆಲಸವಿದೆ. ಸರ್ವೆ ಬಲ್ಲವರನ್ನು ರಸ್ತೆ, ರೈಲು, ನೀರಾವರಿ ಕಾಮಗಾರಿಗಳಲ್ಲಿ ಹುಡುಕಿಕೊಂಡು ಬರುತ್ತಾರೆ. ಕಾಂಕ್ರೀಟು, ಮಣ್ಣಿನ ಪರೀಕ್ಷೆ ಬಲ್ಲವರಿಗೆ ರೆಡಿಮಿಕ್ಸ್ ಘಟಕಗಳಲ್ಲಿ, ಪ್ರಯೋಗಶಾಲೆಗಳಲ್ಲಿ ಜಾಗವಿದೆ.

ಹೆಣ್ಣುಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಮ್ಮ ಸೈಟುಗಳಲ್ಲಿ ಮಹಿಳೆಯರು ಕಲ್ಲು, ಮರಳು, ನೀರು ಹೊರುತ್ತಾ ಹತ್ತಾರು ವರ್ಷ ಕಳೆದರೂ ಕೈಗೆ ಕರಣೆ ಬರುವುದಿಲ್ಲ. ಗಂಡಸು ಐದು ವರ್ಷದಲ್ಲಿ ಕೈಯಾಳಿನಿಂದ ಗೌಂಡಿಯಾಗುತ್ತಾನೆ, ಅವಳು ಕೈಯಾಳಾಗಿಯೇ ಉಳಿಯುತ್ತಾಳೆ. ಕಾಯಕದಲ್ಲಿ ಹೆಣ್ಣುಗಂಡೆಂಬ ಭೇದ ಮಾಡದ ಪರಂಪರೆಯವರು ನಾವೆಂದು ಹೇಳಿಕೊಳ್ಳುವಾಗ ಇದನ್ನೂ ನೋಡಬೇಕು. ಟೈಲ್ಸ್ ಹಾಕುವುದು, ಬಣ್ಣ, ಸರ್ವೆ, ಪರೀಕ್ಷೆ, ನಕ್ಷೆ ಇವುಗಳಲ್ಲಿ ತೋಳ್ಬಲಕ್ಕಿಂತ ಕಣ್ಣಳತೆ ಮತ್ತು ತಾಳ್ಮೆ ಮುಖ್ಯ. ತರಬೇತಿಗೆ ಹೆಸರು ಬರೆಸುವಾಗ ಮನೆಯ ಗಂಡಸಿನ ಹೆಸರನ್ನೇ ಬರೆಸಬೇಕೆಂದಿಲ್ಲ.

ಪ್ರಮಾಣಪತ್ರದ ಜೊತೆಯಲ್ಲೇ ಮಾಡಿಸಿಕೊಳ್ಳಬೇಕಾದ ಇನ್ನೊಂದು ಕಾಗದವೆಂದರೆ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ. ಇದಕ್ಕೆ ತಳಹದಿ ಹಾಕಿದ್ದು 1996ರ ಕೇಂದ್ರ ಕಾಯ್ದೆ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣದಲ್ಲಿ ದುಡಿದವರು ಅರ್ಹರು. ಮಕ್ಕಳ ಓದು, ಚಿಕಿತ್ಸೆ, ಅಪಘಾತ, ಪಿಂಚಣಿಗೆ ನೆರವು ಇದರಿಂದ ದೊರೆಯುತ್ತದೆ. ಕಟ್ಟಡಗಳ ವೆಚ್ಚದ ಮೇಲೆ ಸಂಗ್ರಹಿಸುವ ಸೆಸ್ಸಿನಿಂದಲೇ ಈ ನಿಧಿ ಬಂದಿದೆ. ಅದನ್ನು ಪಡೆಯುವುದು ಶ್ರಮಿಕರ ಹಕ್ಕು.

ಕಟ್ಟಿಸುವವರಿಗೆ ಎರಡು ಮಾತು

ಸಮುದಾಯ ಭವನ, ಪ್ರಸಾದ ನಿಲಯ, ಶಾಲಾ ಕೊಠಡಿಗಳನ್ನು ಭಕ್ತರ ಕಾಣಿಕೆಯಿಂದ ಕಟ್ಟಿಸುವ ಸಮಿತಿಗಳು ಊರೂರಲ್ಲಿವೆ. ಕಲ್ಲಿನ ಬಾಗಿಲುವಾಡಕ್ಕೆ, ಫಲಕಕ್ಕೆ ತೆಗೆದಿಡುವ ಹಣದಲ್ಲಿ ಸ್ವಲ್ಪ ಭಾಗವನ್ನು ಕಾಂಕ್ರೀಟಿನ ಪರೀಕ್ಷೆಗೆ ತೆಗೆದಿಡಬೇಕೆಂದು ಸಮಿತಿಗಳಲ್ಲಿ ನಮ್ಮ ವಿನಂತಿ. ಗುತ್ತಿಗೆ ಕೊಡುವಾಗ ಸೈಟಿನಲ್ಲಿ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕೆಂಬ ಷರತ್ತು ಬರೆಸಬಹುದು. ಕೆಲಸದಲ್ಲಿರುವ ಗೌಂಡಿಗಳ ಪೈಕಿ ಪ್ರಮಾಣಪತ್ರವಿಲ್ಲದವರನ್ನು ಆರ್‌ಪಿಎಲ್ ಮೌಲ್ಯಮಾಪನಕ್ಕೆ ಕಳುಹಿಸಿ, ಆ ದಿನಗಳ ಕೂಲಿಯನ್ನು ಸಮಿತಿಯೇ ಕೊಟ್ಟರೆ ಅದು ಉತ್ತಮ ದಾಸೋಹವಾಗುತ್ತದೆ. ದಿನಗೂಲಿಯವರು ತರಬೇತಿಗೆ ಹೋಗದಿರಲು ಬಹುಪಾಲು ಕಾರಣ ಆಸಕ್ತಿಯ ಕೊರತೆಯಲ್ಲ, ಆ ದಿನಗಳ ಅಡುಗೆಯ ಚಿಂತೆ.

ಅರ್ಜಿ ಹಾಕುವವರು ಆಧಾರ್, ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಬೇಕು. ಐಟಿಐ ಪ್ರವೇಶದ ಪ್ರಕಟಣೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಬಳಿಕ ಬರುತ್ತದೆ. ಆಗ ಸಮಯ ಕಡಿಮೆ ಇರುತ್ತದೆ. ನಮ್ಮವರಲ್ಲಿ ಒಂದು ತೊಡಕು ಬಹಳ ಸಾಮಾನ್ಯ: ಶಾಲೆಯಲ್ಲಿ ಬಸಪ್ಪ ಎಂದಿದ್ದದ್ದು ಆಧಾರಿನಲ್ಲಿ ಬಸವರಾಜ ಎಂದಿರುತ್ತದೆ, ಮನೆತನದ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುತ್ತದೆ. ಹೆಸರು ಹೊಂದದಿದ್ದರೆ ಪ್ರಮಾಣಪತ್ರವೂ ತಪ್ಪು ಹೆಸರಿನಲ್ಲೇ ಬರುತ್ತದೆ, ಭತ್ಯೆ ಬ್ಯಾಂಕಿಗೆ ಜಮೆಯಾಗುವುದಿಲ್ಲ. ತಿದ್ದುಪಡಿಗೆ ವಾರಗಳು ಹಿಡಿಯುವುದರಿಂದ ಅರ್ಜಿಗೆ ಮುಂಚೆಯೇ ಆಧಾರ್ ಕೇಂದ್ರಕ್ಕೆ ಹೋಗಿ, ಅಂಕಪಟ್ಟಿಯಲ್ಲಿ ಇರುವಂತೆಯೇ ಹೆಸರನ್ನು ಸರಿಪಡಿಸಿಕೊಳ್ಳುವುದು ಒಳಿತು.